ಅವ್ವ ಅಂದ "ಬಂದಿ": ಒಂದೇ ಕಾದಂಬರಿ ಎರಡು ಸಲ ಆಡಿಯೋಬುಕ್ ಆದ ಪ್ರಕರಣ

9 ಗಂಟೆಯ ಆಡಿಯೋಬುಕ್ಕನ್ನು ಪೂರ್ತಿ ಎಡಿಟ್ ಮಾಡಿ ಲೇಖಕಿಗೆ ಕಳಿಸಿದೆವು. ಅವರು ಕೇಳಿದ್ದು 22 ನಿಮಿಷ ಮಾತ್ರ. ಆಮೇಲೆ ನನಗೆ ಫೋನ್ ಮಾಡಿದರು.

"ತಮ್ಮಾ, ಹೆಣ್ಮಗಳು ಛಲೋ ಓದ್ಯಾಳ. ಆದ್ರ ಆಕಿ ನಮ್ಮ ಊರಿಗೆ ಬಂದಿಲ್ಲ."

ನಾನು ಬೆಂಗಳೂರಿನಲ್ಲಿ ಸೌಂಡ್ ಎಡಿಟರ್. ಕನ್ನಡ ಆಡಿಯೋಬುಕ್‌ಗಳ ಕೆಲಸ ಮಾಡುತ್ತೇನೆ. ಆ 9 ಗಂಟೆಯನ್ನು ಕತ್ತರಿಸಿ ಜೋಡಿಸಿದ್ದು ನಾನೇ. ನನಗೆ ಅದರಲ್ಲಿ ಒಂದು ತಪ್ಪೂ ಕೇಳಿಸಿರಲಿಲ್ಲ. ಅಲ್ಲಿಂದ ಮುಂದಿನ ಒಂದು ವರ್ಷದಲ್ಲಿ ಏನೇನಾಯಿತು, ಎಲ್ಲೆಲ್ಲಿ ಎಡವಿದೆವು, ಯಾವ ತೀರ್ಮಾನ ಕೆಲಸ ಮಾಡಿತು ಅನ್ನೋದನ್ನ ಬರೆದಿಡುತ್ತಿದ್ದೇನೆ. ತಮ್ಮ ಪುಸ್ತಕವನ್ನು ಆಡಿಯೋಗೆ ಕೊಡಲು ಹೊರಟ ಲೇಖಕರಿಗೆ ಇದು ಉಪಯೋಗಕ್ಕೆ ಬರಬಹುದು. ಲೇಖಕಿ ಮತ್ತು ಓದಿದ ಇಬ್ಬರು ಕಲಾವಿದೆಯರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಪುಸ್ತಕ, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಪುಸ್ತಕ ಮತ್ತು ಒಂದು ಹಾಳೆಯ ಪತ್ರ

ಲೇಖಕಿಗೆ ಆಗ 68 ವರ್ಷ. ಗದಗ ಸೀಮೆಯ ಹೈಸ್ಕೂಲಿನಲ್ಲಿ 30 ವರ್ಷಕ್ಕೂ ಜಾಸ್ತಿ ಕನ್ನಡ ಕಲಿಸಿ ನಿವೃತ್ತರಾದವರು. ಆ ಕಡೆ ಹೆಣ್ಣು ಟೀಚರ್‌ಗಳನ್ನು ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಅಪ್ಪ ಶ್ರಾವಣದಲ್ಲಿ ಊರ ಗುಡಿಯ ಕಟ್ಟೆಯ ಮೇಲೆ ಕೂತು ಗದುಗಿನ ಭಾರತ ಓದುತ್ತಿದ್ದರಂತೆ. ಪುಸ್ತಕ ಅಂದರೆ ಗಟ್ಟಿಯಾಗಿ ಓದಬೇಕಾದ್ದು, ನಾಲ್ಕು ಜನ ಕೂತು ಕೇಳಬೇಕಾದ್ದು ಅಂತಲೇ ಬೆಳೆದವರು ಅವರು. ಹಾಗಾಗಿ ಆಡಿಯೋಬುಕ್ ಅನ್ನೋದು ಅವರಿಗೆ ಹೊಸ ವಿಷಯವೇ ಆಗಿರಲಿಲ್ಲ. "ಅಪ್ಪ ಓದಿದ್ದನ್ನ ಈಗ ಫೋನಿನ್ಯಾಗ ಹಾಕ್ತಾರ, ಅಷ್ಟ ಅಲ್ಲೇನು?" ಅಂದಿದ್ದರು.

ಕಾದಂಬರಿ ಅಚ್ಚಾಗಿದ್ದು 2009ರಲ್ಲಿ, 1000 ಪ್ರತಿ. ಮನೆಯಿಂದಲೇ ನಡೆಸುವ ಒಬ್ಬ ಸಣ್ಣ ಪ್ರಕಾಶಕರು ತಂದರು. ಗೋವಾಕ್ಕೆ ದುಡಿಯಲು ಹೋದ ಮಗ, 6 ವರ್ಷ ಅವನ ಸುದ್ದಿಯೇ ಇಲ್ಲದೆ ಕಾಯುವ ಅವ್ವ, ಆ ಮನೆಯಲ್ಲೇ ಉಳಿದ ಸೊಸೆ, ಇವರ ಕತೆ. ನಿರೂಪಣೆ ಪುಸ್ತಕದ ಕನ್ನಡದಲ್ಲಿ, ಮಾತುಕತೆ ಎಲ್ಲಾ ಊರಿನ ಭಾಷೆಯಲ್ಲಿ.

2017ರಲ್ಲಿ ಸ್ಟೋರಿಟೆಲ್, 2018ರಲ್ಲಿ ಆಡಿಬಲ್ ಅನ್ನುವ ಆಡಿಯೋಬುಕ್ ಕಂಪನಿಗಳು ಭಾರತಕ್ಕೆ ಬಂದ ಮೇಲೆ ಇಲ್ಲಿಯ ಭಾಷೆಗಳಲ್ಲೂ ಕೇಳುವ ಪುಸ್ತಕಗಳ ಮಾತು ಜೋರಾಯಿತು. ಕನ್ನಡದಲ್ಲಿ ಮೈಲ್ಯಾಂಗ್‌ನಂಥವರು ಇ-ಬುಕ್ ಜೊತೆಗೆ ಆಡಿಯೋ ತರತೊಡಗಿದರು. ಈ ಪ್ರಕರಣದ ಕಂಪನಿ ಇವುಗಳಲ್ಲಿ ಯಾವುದೂ ಅಲ್ಲ, ಇವರಿಗಿಂತ ಬಹಳ ಚಿಕ್ಕದು. ಅವರು 2021ರಲ್ಲಿ ಮೊದಲು ಮಾತಾಡಿಸಿದ್ದು ಅಕ್ಕೋರನ್ನಲ್ಲ, ಪ್ರಕಾಶಕರನ್ನ. ಪ್ರಕಾಶಕರು ಹಕ್ಕು ತಮ್ಮದೇ ಅಂದರು. ಒಪ್ಪಂದದ ಕರಡೂ ತಯಾರಾಗಿಬಿಟ್ಟಿತ್ತು. ಅಕ್ಕೋರಿಗೆ ವಿಷಯ ಗೊತ್ತಾಗಿದ್ದು ಯಾರೋ ಹಳೇ ವಿದ್ಯಾರ್ಥಿ ಅಭಿನಂದನೆ ಹೇಳಲು ಫೋನ್ ಮಾಡಿದಾಗ.

ಪ್ರಕಾಶಕರು ಕೆಟ್ಟವರಲ್ಲ, ಹಾಗಂತ ನಿಜವಾಗಿಯೂ ನಂಬಿದ್ದರು. ಅವರ ಹತ್ತಿರ ಇದ್ದದ್ದು 2009ರ ಒಂದು ಹಾಳೆಯ ಪತ್ರ. "ಈ ಕೃತಿಯನ್ನು ಪ್ರಕಟಿಸಲು ಒಪ್ಪಿಗೆ ಕೊಟ್ಟಿದ್ದೇನೆ" ಅಂತ ಒಂದು ಸಾಲು, ಕೆಳಗೆ ಸಹಿ. ಎಷ್ಟು ವರ್ಷಕ್ಕೆ ಅಂತ ಇಲ್ಲ, ಆಡಿಯೋದ ಮಾತಂತೂ ಇಲ್ಲವೇ ಇಲ್ಲ. ವಕೀಲರಾಗಿರುವ ಒಬ್ಬ ಗೆಳೆಯರಿಗೆ ತೋರಿಸಿದೆವು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ತೆಗೆದು ಓದಿದರು. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು, ಯಾವ ಹಕ್ಕು ಕೊಟ್ಟಿದ್ದು ಅಂತ ಬಿಡಿಸಿ ಹೇಳಿರಬೇಕು. ಅವಧಿ ಬರೆದಿಲ್ಲ ಅಂದರೆ 5 ವರ್ಷ ಅಂತಲೇ ಅರ್ಥ. ಅಂದರೆ ಆ ಪತ್ರದ ಕತೆ 2014ಕ್ಕೇ ಮುಗಿದಿತ್ತು. ನಮ್ಮಲ್ಲಿ ಎಷ್ಟು ಪುಸ್ತಕಗಳು ಇಂಥ ಪತ್ರದ ಮೇಲೆ, ಅದೂ ಇಲ್ಲದೆ ಬರೀ ಬಾಯಿಮಾತಿನ ಮೇಲೆ ನಿಂತಿವೆಯೋ! ಪುಸ್ತಕ ಬರೆದಿರುವ ಎಲ್ಲರೂ ಒಂದು ಸಲ ಆ ಹಳೇ ಹಾಳೆಯನ್ನು ಹುಡುಕಿ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ಅಕ್ಕೋರು ಇಲ್ಲಿ ಮಾಡಿದ ತೀರ್ಮಾನ ನನಗೆ ಇವತ್ತಿಗೂ ದೊಡ್ಡದು ಅನ್ನಿಸುತ್ತದೆ. ಕಾನೂನು ಪೂರ್ತಿ ಅವರ ಪರ ಇತ್ತು. ಆದರೂ "ಅಂವ ಇರಲಿಲ್ಲಂದ್ರ ಪುಸ್ತಕನ ಇರ್ತಿರಲಿಲ್ಲ" ಅಂತ ಹೇಳಿ, ಆಡಿಯೋದಿಂದ ತಮಗೆ ಬರುವುದರಲ್ಲಿ ಐದನೇ ಒಂದು ಪಾಲನ್ನು ಪ್ರಕಾಶಕರಿಗೆ ಅಂತ ಬರೆದುಕೊಟ್ಟರು. ಜಗಳ ಒಂದು ವಾರದಲ್ಲಿ ಮುಗಿಯಿತು. ಕಂಪನಿ ಜೊತೆ ಒಪ್ಪಂದ ಅಕ್ಕೋರ ಹೆಸರಲ್ಲೇ ಆಯಿತು. 5 ವರ್ಷದ ಅವಧಿ, 15,000 ರೂಪಾಯಿ ಮುಂಗಡ, ಆಮೇಲೆ ರಾಯಲ್ಟಿ. ಯಾರು ಓದಬೇಕು, ಓದಿದ್ದನ್ನು ಯಾರು ಒಪ್ಪಬೇಕು ಅನ್ನುವ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಹಕ್ಕಿನ ಗಲಾಟೆಯಲ್ಲಿ ಅದು ಯಾರ ತಲೆಗೂ ಬರಲಿಲ್ಲ.

ಮೊದಲ ಓದು

ಕಂಪನಿಯವರು ಆರಿಸಿದ್ದು ಬೆಂಗಳೂರಿನ ಒಬ್ಬ ಕಲಾವಿದೆಯನ್ನ. ಡಬ್ಬಿಂಗ್, ಜಾಹೀರಾತು ಎರಡರಲ್ಲೂ ಪಳಗಿದ ದನಿ. ಸುಮ್ನೆ ಬಂದು ಓದಿ ಹೋದವರಲ್ಲ ಅವರು. ಪೂರ್ತಿ ಪುಸ್ತಕ ಮೊದಲೇ ಓದಿಕೊಂಡು, ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ಚರಗ ಅಂದರೇನು ಅಂತ ನನ್ನ ಕೇಳಿದರು. ನಾನು ತುಮಕೂರಿನವನು, ನನಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವುದು ಅಂತ ತಿಳಿದುಕೊಂಡು ಮುಂದೆ ಹೋದೆವು. ಅಕ್ಕೋರಿಗೆ ಒಂದು ಫೋನ್ ಮಾಡೋಣ ಅಂತ ಇಬ್ಬರಿಗೂ ಅನ್ನಿಸಲಿಲ್ಲ. ಅದೇ ಮೊದಲ ತಪ್ಪು.

ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸುಮಾರು 52 ಸಾವಿರ ಪದದ ಕಾದಂಬರಿ ಅದು, ಓದಿದಾಗ 9 ಗಂಟೆ ಆಯಿತು. ಒಂದು ಗಂಟೆಯ ತಯಾರಾದ ಆಡಿಯೋ ಹಿಂದೆ ನಮ್ಮಲ್ಲಿ ಎರಡೂವರೆ, ಮೂರು ಗಂಟೆ ರೆಕಾರ್ಡಿಂಗ್ ಇರುತ್ತದೆ. ಆಮೇಲೆ ಎಡಿಟಿಂಗ್ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಅಂದರೆ ಅಕ್ಕೋರು 22ನೇ ನಿಮಿಷಕ್ಕೆ ನಿಲ್ಲಿಸಿದಾಗ ನಮ್ಮ ಕಡೆ ತಿಂಗಳಿಗೂ ಮೀರಿದ ಕೆಲಸ ಮುಗಿದುಹೋಗಿತ್ತು.

ಆ 22ನೇ ನಿಮಿಷದಲ್ಲಿ ಇರುವುದು ಇಷ್ಟು. 6 ವರ್ಷದ ಮೇಲೆ ಮಗ ಬಾಗಿಲಲ್ಲಿ ನಿಂತಿದ್ದಾನೆ. ಅವ್ವ ಜೋಳ ಹಸನು ಮಾಡುತ್ತಾ ಕೂತಿದ್ದಾಳೆ. ತಲೆ ಎತ್ತಿ ನೋಡುತ್ತಾಳೆ. "ಬಂದಿ." ನೀನು ಬಂದೆ ಅಂತ ಅರ್ಥ. ಪುಸ್ತಕದಲ್ಲಿ ಅಷ್ಟೇ, ಒಂದು ಪದ, ಮುಂದೆ ಪೂರ್ಣವಿರಾಮ. ಮುಂದಿನ ಪ್ಯಾರಾದಲ್ಲಿ, "ಕಾಲ್ ತೊಳ್ಕೊ."

ನಮ್ಮ ಕಲಾವಿದೆ "ಬಂದಿ" ಅಂತ ಒತ್ತಿ, ಗಂಟಲು ತುಂಬಿಕೊಂಡು ಹೇಳಿದ್ದರು. ನಾನು ಅದರ ಮುಂದೆ 2 ಸೆಕೆಂಡ್ ಮೌನ ಇಟ್ಟಿದ್ದೆ. ಭಾವ ತುಂಬಿದ ಜಾಗ, ಕೇಳುವವರಿಗೆ ಉಸಿರಾಡಲು ಹೊತ್ತು ಬೇಕು ಅಂತ. ಅಕ್ಕೋರು ಹೇಳಿದರು, "ಜೈಲಿನ್ಯಾಗ ಇರೋ ಬಂದಿ ಅಂದಂಗ ಕೇಳಸ್ತೈತಿ ತಮ್ಮಾ."

ಇನ್ನೂ ಇತ್ತು. ಸೊಸೆ ಅತ್ತೆಯನ್ನು "ಯಾಕ ಬೇ ಯವ್ವಾ" ಅನ್ನುತ್ತಾಳೆ. ಉತ್ತರ ಕರ್ನಾಟಕದಲ್ಲಿ "ಬೇ" ಅನ್ನೋದು ಅವ್ವನಿಗೆ, ಅತ್ತೆಗೆ, ಸಲುಗೆಯ ಹೆಣ್ಣುಮಕ್ಕಳಿಗೆ ಹೇಳುವ ಅಕ್ಕರೆಯ ಮಾತು. ನಮ್ಮ ಕಿವಿಗೆ ಅದು ಹಿಂದಿಯ ಬೈಗುಳದ ಹಾಗೆ ಕೇಳುತ್ತದೆ ಅಲ್ವಾ? ಕಲಾವಿದೆ ಆ ಸಾಲನ್ನು ಸಿಟ್ಟಿನಿಂದ ಓದಿದ್ದರು. ಪುಸ್ತಕದ ಉದ್ದಕ್ಕೂ ಅತ್ತೆ ಸೊಸೆ ಒಬ್ಬರನ್ನೊಬ್ಬರು ಜೋಪಾನ ಮಾಡಿಕೊಂಡು ಬದುಕುತ್ತಾರೆ. ನಮ್ಮ ಆಡಿಯೋದಲ್ಲಿ ಅವರು ದಿನಾ ಜಗಳ ಆಡುತ್ತಿದ್ದರು.

ಅವ್ವ ಬೀಸುವಾಗ ಹಾಡುವ ತ್ರಿಪದಿಗಳನ್ನು ಗದ್ಯದ ಹಾಗೆ ಓದಿದ್ದೆವು. ಊರಿನ ಗಂಡಸರ ಮಾತಿಗೆ ಸಿನಿಮಾದಲ್ಲಿ ಉತ್ತರ ಕರ್ನಾಟಕದವರ ಪಾತ್ರಕ್ಕೆ ಹಾಕುವ ಆ ನಗಿಸುವ ರಾಗ ಬಂದಿತ್ತು. ಇದು ಕಲಾವಿದೆಯೊಬ್ಬರ ತಪ್ಪಲ್ಲ. ನಮ್ಮ ಸಿನಿಮಾ, ಟಿವಿ ಇಷ್ಟು ವರ್ಷ ಆ ಭಾಷೆಯನ್ನು ನಗುವುದಕ್ಕೇ ಜಾಸ್ತಿ ಬಳಸಿಕೊಂಡಿವೆ. ದಕ್ಷಿಣದಲ್ಲಿ ಬೆಳೆದವರಿಗೆ ಆ ಭಾಷೆಯಲ್ಲಿ ಅಳು ಕೇಳಿಯೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ತೇಪೆ ಹಾಕಲು ಹೋಗಿದ್ದು

ಕಂಪನಿಯವರು ಮೊದಲು ಹೇಳಿದ್ದು ತಿದ್ದಿಬಿಡೋಣ ಅಂತ. ಅಕ್ಕೋರು ಮನಸ್ಸು ಗಟ್ಟಿ ಮಾಡಿಕೊಂಡು 9 ಗಂಟೆಯನ್ನೂ ಕೇಳಿ, ನೋಟ್‌ಬುಕ್ಕಿನಲ್ಲಿ ನಿಮಿಷ ಸೆಕೆಂಡ್ ಸಮೇತ 140 ಸಾಲುಗಳ ಪಟ್ಟಿ ಮಾಡಿ ಕಳಿಸಿದರು. ಟೀಚರ್ ಅಲ್ವಾ, ಕೆಂಪು ಇಂಕಿನಲ್ಲಿ. ಅದೇ ಕಲಾವಿದೆ ಎರಡು ದಿನ ಕೂತು ಆ ಸಾಲುಗಳನ್ನು ಮತ್ತೆ ಓದಿದರು. ನಾನು ಹಳೆಯ ಸಾಲು ತೆಗೆದು ಹೊಸದನ್ನು ಕೂರಿಸಿದೆ.

ಮೊದಲಿಗಿಂತ ಕೆಟ್ಟದಾಯಿತು. ತಿಂಗಳ ನಂತರ ಅದೇ ಮನುಷ್ಯರ ದನಿ ಅದೇ ಆಗಿರುವುದಿಲ್ಲ. ಮೈಕಿನಿಂದ ನಾಲ್ಕು ಬೆರಳು ಹಿಂದೆ ಕೂತರೂ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಸಲ ಅವರು ಹೆದರಿಕೊಂಡು ಓದುತ್ತಿದ್ದರು. ಪದ ಸರಿ ಬಂತು, ಮಾತು ಬರಲಿಲ್ಲ. ಹೊಸ ಬಟ್ಟೆಗೆ ಬೇರೆ ಬಣ್ಣದ ತೇಪೆ ಹಾಕಿದಂತೆ ಪ್ರತಿ ತಿದ್ದುಪಡಿಯೂ ಎದ್ದು ಕಾಣುತ್ತಿತ್ತು. ಅಕ್ಕೋರಿಗೆ ಕಳಿಸುವ ಮೊದಲೇ ನಾನು ಬೇಡ ಅಂದೆ.

ನಡುವೆ ಕಂಪ್ಯೂಟರ್ ದನಿಯ ಮಾತೂ ಬಂತು. ಒಂದು ಅಧ್ಯಾಯ ಮಾಡಿ ಕೇಳಿಸಿದರು. ನಿರೂಪಣೆ ಪರವಾಗಿಲ್ಲ ಅನ್ನುವ ಹಾಗಿತ್ತು, ಮಾತುಕತೆ ಬಂದ ಕೂಡಲೇ ಎಲ್ಲರೂ ಒಂದೇ ಮನುಷ್ಯರಾದರು. ಅಕ್ಕೋರು ಬೇಡ ಅಂದರು, ಅಲ್ಲಿಗೆ ಮುಗಿಯಿತು.

ಹಾಗಾದರೆ ನೀವೇ ಓದಿಬಿಡಿ ಅಂತ ನಾನು ಅಕ್ಕೋರಿಗೆ ಹೇಳಿದೆ. ಲೇಖಕರೇ ಓದಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವ ನಂಬಿಕೆ ನನಗೂ ಇತ್ತು. ಲ್ಯಾಪ್‌ಟಾಪ್, ಮೈಕು, ಸ್ಟ್ಯಾಂಡ್ ಕಟ್ಟಿಕೊಂಡು ಅವರ ಊರಿಗೆ ಹೋದೆ.

ಕಾಳಿನ ಕೋಣೆ

ಮನೆಯಲ್ಲಿ ಎಲ್ಲಿ ಮೈಕಿಟ್ಟರೂ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಆಡಿಯೋಬುಕ್ ಕೆಲಸದಲ್ಲಿ, ಯಾರೂ ಮಾತಾಡದೇ ಇದ್ದಾಗಿನ ಕೋಣೆಯ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು ಅಂತ ನೋಡುತ್ತೇವೆ. ಪಡಸಾಲೆಯಲ್ಲಿ ಅದು ಸಾಧ್ಯವೇ ಇರಲಿಲ್ಲ, ಎದುರು ರಸ್ತೆ, ಹಿಂದೆ ಎಮ್ಮೆ. ಕೊನೆಗೆ ಸಿಕ್ಕಿದ್ದು ಕಾಳಿನ ಕೋಣೆ. ಮೂರು ಕಡೆ ಎದೆಮಟ್ಟದವರೆಗೆ ಜೋಳದ, ಕಡಲೆಯ ಚೀಲ. ಒಳಗೆ ಹೋಗಿ ಚಪ್ಪಾಳೆ ತಟ್ಟಿದೆ, ಸದ್ದು ಅಲ್ಲೇ ಸತ್ತಿತು. ಬೆಂಗಳೂರಿನ ಎಷ್ಟೋ ಸ್ಟುಡಿಯೋಗಳಲ್ಲಿ ನನಗೆ ಅಷ್ಟು ಒಳ್ಳೆಯ ಮೌನ ಸಿಕ್ಕಿಲ್ಲ.

ಮೂರು ದಿನ ಇದ್ದೆ. ಅಕ್ಕೋರು ಓದುವುದಕ್ಕೆ ಆಗಲಿಲ್ಲ. ಕಾರಣ ಹೇಳುತ್ತೇನೆ, ಯಾಕಂದರೆ ನಮ್ಮೆಲ್ಲರ ನಂಬಿಕೆ ಸುಳ್ಳಾಗಿದ್ದು ಇಲ್ಲೇ. 40 ನಿಮಿಷಕ್ಕೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಿರೂಪಣೆ ಬಂದಾಗ ಪಾಠ ಹೇಳುವ ದನಿ ಬಂದುಬಿಡುತ್ತಿತ್ತು. ಇದಕ್ಕಿಂತ ಹೆಚ್ಚಾಗಿ, ಅವರು ಓದುತ್ತಾ ಓದುತ್ತಾ ತಿದ್ದುತ್ತಿದ್ದರು! ಒಂದು ವಾಕ್ಯ ಓದಿ, ತಡೆದು, "ಇದನ್ನ ಹಿಂಗ ಬರೀಬೇಕಿತ್ತು" ಅಂತ ಬೇರೆಯೇ ಹೇಳುತ್ತಿದ್ದರು. 12 ವರ್ಷದ ಹಿಂದಿನ ತಮ್ಮ ಪುಸ್ತಕವನ್ನು ಬರೆದವರು ಸುಮ್ಮನೆ ಓದುವುದು ಕಷ್ಟ. ಮಗ ಮನೆಗೆ ಬರುವ ಅಧ್ಯಾಯದಲ್ಲಿ ಒಂದೇ ಜಾಗದಲ್ಲಿ ಮೂರು ಸಲ ನಿಲ್ಲಿಸಿದರು. ಮೂರನೇ ಸಲ ಪುಸ್ತಕ ಮುಚ್ಚಿ ಹೊರಗೆ ಹೋದರು. ನಾನು ಏನೂ ಕೇಳಲಿಲ್ಲ.

ಆದರೆ ಆ ಮೂರನೇ ಸಲಕ್ಕೆ ಮುಂಚೆ ಅವರು ಆ ಸಾಲನ್ನು ಓದಿದ್ದರು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. "ಬಂದೀ" ಅಂತ ಕೊನೆ ಸ್ವಲ್ಪ ಎಳೆದು, ದನಿ ಮೇಲೂ ಹೋಗದೆ ಕೆಳಗೂ ಇಳಿಯದೆ, ಇಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟಂತೆ. ಅದು ಪ್ರಶ್ನೆಯೂ ಅಲ್ಲ, ಹೇಳಿಕೆಯೂ ಅಲ್ಲ. ಅದರ ಬೆನ್ನಿಗೇ, ಅದೇ ಉಸಿರಿನಲ್ಲಿ, "ಕಾಲ್ ತೊಳ್ಕೊ." ನಡುವೆ ಒಂದು ಚೂರೂ ಬಿಡುವಿಲ್ಲ. ಬೆಳಗ್ಗೆ ಹೊಲಕ್ಕೆ ಹೋದ ಮಗ ಸಂಜೆ ಬಂದಾಗ ಹೇಳುವ ಹಾಗೆ. 6 ವರ್ಷದ ಕಾಯುವಿಕೆಯನ್ನು ಅವ್ವ ಆ ಬಿಡುವಿಲ್ಲದಿರುವಿಕೆಯಲ್ಲಿ ಬಚ್ಚಿಟ್ಟಿದ್ದಳು. ನಾನು ಸರಿಯಾಗಿ ಅಲ್ಲೇ 2 ಸೆಕೆಂಡ್ ಮೌನ ತುರುಕಿ ಅದನ್ನು ಕೊಂದಿದ್ದೆ.

ಮರುದಿನ ಬೆಳಗ್ಗೆ ಅಕ್ಕೋರಿಗೆ ಕೇಳಿದೆ, ಪೂರ್ತಿ ಪುಸ್ತಕ ಬೇಡ, ನನಗೆ ಮಾತುಗಳನ್ನು ಮಾತ್ರ ಹೇಳಿಕೊಡ್ತೀರಾ ಅಂತ. ಒಪ್ಪಿದರು. ಯಾವ ಪಾತ್ರ ಹೇಗೆ ಮಾತಾಡುತ್ತದೆ, ಎಲ್ಲಿ ಎಳೆಯುತ್ತದೆ, ಎಲ್ಲಿ ನುಂಗುತ್ತದೆ, ಎಲ್ಲಾ ಹೇಳುತ್ತಾ ಹೋದರು. ಅಧ್ಯಾಯದಿಂದ ಅಧ್ಯಾಯಕ್ಕೆ ಒಟ್ಟು ಒಂದೂ ಮುಕ್ಕಾಲು ಗಂಟೆ. ಪೇಪರಿನಲ್ಲಿ ಬರೆಯಲು ಆಗದೇ ಬಿಟ್ಟಿದ್ದೆಲ್ಲಾ ಅದರಲ್ಲಿತ್ತು. ಚರಗ ಚೆಲ್ಲುವಾಗ ಹೊಲದ ತುಂಬಾ ಕೂಗುವ ಕೂಗನ್ನು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತೇ ಕೂಗಿದರು. ಪುಸ್ತಕದಲ್ಲಿ ಅದು ಬರೀ ಎರಡು ಪದ.

ಬೀಸುವ ಪದಗಳನ್ನೂ ಹಾಡಿದರು. ಹಾಡುವಾಗ ಅವರಿಗೆ ಉಸಿರಿನ ತೊಂದರೆ ಇರಲಿಲ್ಲ, ಬಲಗೈ ತಾನಾಗಿ ಬೀಸುಕಲ್ಲಿನ ಗೂಟ ಹಿಡಿದಂತೆ ತಿರುಗುತ್ತಿತ್ತು. ಒಟ್ಟು 11 ನಿಮಿಷ. ಒಂದೇ ಟೇಕ್.

ಕಂಪನಿಯ ಜೊತೆ ಮಾತು

ಒಪ್ಪಂದದ ಪ್ರಕಾರ ಮೊದಲ ಆವೃತ್ತಿಯನ್ನೇ ಬಿಡುಗಡೆ ಮಾಡುವ ಹಕ್ಕು ಕಂಪನಿಗಿತ್ತು. ಅಕ್ಕೋರು ತಡೆಯುವ ಹಾಗಿರಲಿಲ್ಲ. ಮತ್ತೆ ರೆಕಾರ್ಡ್ ಮಾಡಿದರೆ ಖರ್ಚು ಎರಡರಷ್ಟು, ಅವರು ಬೇಡ ಅಂದಿದ್ದರೆ ತಪ್ಪು ಅನ್ನಲಾಗದು. ದೊಡ್ಡ ಪತ್ರ ಬರೆಯಬೇಕು, ಬೇರೆ ಲೇಖಕರ ಸಹಿ ಹಾಕಿಸಬೇಕು ಅಂತ ಕೆಲವರು ಅಕ್ಕೋರಿಗೆ ಸಲಹೆ ಕೊಟ್ಟರು. ಅವರಿಗೆ ಅದು ಇಷ್ಟವಾಗಲಿಲ್ಲ.

ನಾನು ಮಾಡಿದ್ದು ಚಿಕ್ಕ ಕೆಲಸ. ಎರಡು "ಬಂದಿ"ಗಳನ್ನು, ಮುಂದಿನ ಮಾತು ಸಮೇತ, ಒಂದರ ಹಿಂದೆ ಒಂದು ಜೋಡಿಸಿದೆ. 14 ಸೆಕೆಂಡಿನ ಕ್ಲಿಪ್. ಕಂಪನಿಯ ನಿರ್ಮಾಪಕರಿಗೆ ಕಳಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ ಅಂತ ಮಾತ್ರ ಬರೆದೆ. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು. ಅವರ ಅಜ್ಜಿ ಹಾವೇರಿ ಕಡೆಯವರಂತೆ. ಬೇರೇನೂ ಹೇಳಬೇಕಾಗಲಿಲ್ಲ.

ಆಮೇಲೂ ದುಡ್ಡಿನ ಲೆಕ್ಕ ಇದ್ದೇ ಇತ್ತಲ್ಲ. ಅಕ್ಕೋರು ಮುಂಗಡದ 15,000 ವಾಪಸ್ ಕೊಟ್ಟರು. ನಾನು ಎಡಿಟಿಂಗ್ ಅರ್ಧ ದರಕ್ಕೆ ಒಪ್ಪಿಕೊಂಡೆ. ಅದಕ್ಕೆ ಬದಲಾಗಿ ಒಪ್ಪಂದಕ್ಕೆ ನಾಲ್ಕು ಸಾಲು ಸೇರಿಸಿದೆವು. ಓದುವವರನ್ನು ಆರಿಸುವಾಗ ಲೇಖಕಿಯ ಮಾತು ಕೇಳಬೇಕು, ಮೊದಲ 15 ನಿಮಿಷ ಅವರು ಒಪ್ಪಿದ ಮೇಲೆ ಮಾತ್ರ ಮುಂದಿನದು ರೆಕಾರ್ಡ್ ಆಗಬೇಕು, ಈ ಹಕ್ಕು ಓದಿದ ಆಡಿಯೋಗೆ ಮಾತ್ರ, ನಾಟಕಕ್ಕೆ ಅಲ್ಲ, ಮತ್ತು ಈ ರೆಕಾರ್ಡಿಂಗಿನಿಂದ ಯಾರ ದನಿಯನ್ನೂ ಕಂಪ್ಯೂಟರಿನಲ್ಲಿ ನಕಲು ಮಾಡಬಾರದು. ಕೊನೆಯದನ್ನು ಕೇಳಿದ್ದು ಅಕ್ಕೋರಲ್ಲ, ಹೊಸ ಕಲಾವಿದೆ.

ಎರಡನೇ ಓದು

ಹೊಸ ಕಲಾವಿದೆ ವೃತ್ತಿ ನಾಟಕ ಕಂಪನಿಗಳಲ್ಲಿ 20 ವರ್ಷ ಪಾತ್ರ ಮಾಡಿದವರು, ಬಾಗಲಕೋಟೆ ಕಡೆಯವರು. ಮೈಕಿನ ಮುಂದೆ ಕೂತು ಪುಸ್ತಕ ಓದಿದ್ದೇ ಇಲ್ಲ. ಇಡೀ ಅಧ್ಯಾಯ ಕೊಡದೆ, ಮೂರು ಸಾಲು ಮಾತ್ರ ಕೊಟ್ಟು ಓದಿಸಿದೆವು. ಎರಡನೇ ಸಾಲಿಗೇ ತಲೆ ಎತ್ತಿ, "ಸೊಸಿ ವಿಜಾಪುರ ಕಡಿಯಾಕಿ ಏನ್ರಿ?" ಅಂದರು. ಹೌದು. ಅವ್ವ "ಐತಿ" ಅನ್ನುತ್ತಾಳೆ, ಸೊಸೆ "ಅದ" ಅನ್ನುತ್ತಾಳೆ. ಅಕ್ಕೋರು ಇಡೀ ಪುಸ್ತಕದಲ್ಲಿ ಅದನ್ನು ಕಾಪಾಡಿಕೊಂಡು ಬಂದಿದ್ದರು. 12 ವರ್ಷದಲ್ಲಿ ಯಾವ ವಿಮರ್ಶಕರೂ ಅದನ್ನು ಗಮನಿಸಿ ಬರೆದಿರಲಿಲ್ಲ. ಆವತ್ತು ಫೋನಿನ ಆ ಕಡೆಯಿಂದ ಅಕ್ಕೋರು ನಕ್ಕಿದ್ದು ನನಗಿನ್ನೂ ನೆನಪಿದೆ.

ಹಾಗಂತ ಸಲೀಸಾಗಿ ಆಗಲಿಲ್ಲ. ನಾಟಕದವರಿಗೆ ಹಿಂದಿನ ಸಾಲಿನವರಿಗೂ ಕೇಳಿಸಬೇಕು ಅನ್ನೋದು ಮೈಗೆ ಹತ್ತಿರುತ್ತದೆ. ಮೊದಲ ಎರಡು ದಿನ ಮೀಟರ್ ಕೆಂಪಿಗೆ ಹೋಗುತ್ತಲೇ ಇತ್ತು. ಮೈಕಿನ ಪಕ್ಕ ಒಂದು ಕುರ್ಚಿ ಹಾಕಿ ಸ್ಟುಡಿಯೋದ ಹುಡುಗಿಯನ್ನು ಕೂರಿಸಿ, ಇವಳಿಗೆ ಮಾತ್ರ ಹೇಳಿ ಅಂದ ಮೇಲೆ ದನಿ ಇಳಿಯಿತು. ಕೈತುಂಬಾ ಗಾಜಿನ ಬಳೆ, ಪುಟ ತಿರುಗಿಸಿದರೆ ಸದ್ದು. ತೆಗೆಯಿರಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ, ಅವರೂ ತೆಗೆಯುವವರಲ್ಲ. ಎರಡು ಕರವಸ್ತ್ರ ತಂದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡು ಅಷ್ಟೂ ದಿನ ಓದಿದರು.

ಜಾಸ್ತಿ ಚರ್ಚೆ ಆಗಿದ್ದು ನಿರೂಪಣೆಯ ಬಗ್ಗೆ. ಅದು ಪುಸ್ತಕದ ಕನ್ನಡ. ಆದರೆ ಓದುವವರ ನಾಲಿಗೆ ಬಾಗಲಕೋಟೆಯದು. ಆ ರಾಗವನ್ನು ಒರೆಸಿಬಿಡಬೇಕೋ, ಇರಲಿ ಅಂತ ಬಿಡಬೇಕೋ? ಕಂಪನಿಯವರಿಗೆ ಒರೆಸಬೇಕು ಅಂತ ಇತ್ತು, ಎಲ್ಲಾ ಕಡೆಯವರೂ ಕೇಳಬೇಕಲ್ಲ ಅಂತ. ಅಕ್ಕೋರು ಹೇಳಿದರು, "ಕತಿ ಹೇಳಾಕಿ ನಾನ. ಸಾಲಿಯಾಗ ಕಲಿತ ಕನ್ನಡದಾಗ ಬರದೇನಿ. ನಾಲಿಗಿ ಊರಿಂದ." ಹಾಗೇ ಇಟ್ಟೆವು. ಬರೆದ ಅಕ್ಷರ ಬದಲಿಸುವುದಿಲ್ಲ, ರಾಗ ತಿದ್ದುವುದಿಲ್ಲ. ಇಡೀ ಕೆಲಸದಲ್ಲಿ ಸರಿಯಾದ ತೀರ್ಮಾನ ಒಂದಿದ್ದರೆ ಅದು ಇದೇ ಅಂತ ನನ್ನ ಅಭಿಪ್ರಾಯ.

ಪುಸ್ತಕದ ಪಠ್ಯ ಬದಲಿಸಬಹುದಾ ಅನ್ನುವ ಪ್ರಶ್ನೆಗೂ ಒಂದು ಗೆರೆ ಹಾಕಿಕೊಂಡೆವು. ಕಣ್ಣಿಗೆ ಕಂಡು ಕಿವಿಗೆ ಸಿಗದೇ ಇರುವುದನ್ನು ಮಾತ್ರ ತಿದ್ದಬೇಕು. ಉದಾಹರಣೆಗೆ, ಒಂದರ ಕೆಳಗೆ ಒಂದು ಬರುವ ಉದ್ದನೆಯ ಸಂಭಾಷಣೆಯಲ್ಲಿ ಯಾರು ಮಾತಾಡಿದ್ದು ಅಂತ ಗೊತ್ತಾಗದಿದ್ದರೆ ಅಲ್ಲಿ "ಸೊಸೆ ಅಂದಳು" ಅಂತ ಸೇರಿಸುವುದು. ಪುಸ್ತಕದ ಕೊನೆಯಲ್ಲಿದ್ದ ಪದಗಳ ಅರ್ಥದ ಪಟ್ಟಿ ಬಿಟ್ಟೆವು. ಒಟ್ಟು 17 ಕಡೆ ಬದಲಾವಣೆ, ಎಲ್ಲವನ್ನೂ ಅಕ್ಕೋರೇ ಬರೆದರು. ಬೀಸುವ ಪದಗಳಿಗೆ ಮಾತ್ರ ಕಾಳಿನ ಕೋಣೆಯ ಅಕ್ಕೋರ ದನಿಯನ್ನೇ ಬಳಸಿದೆವು. ಕಲಾವಿದೆಯೇ ಹಾಗೆ ಮಾಡಿ ಅಂದರು.

ಏನಾಯಿತು

2022ರಲ್ಲಿ ಬಿಡುಗಡೆ ಆಯಿತು, 10 ಗಂಟೆ 20 ನಿಮಿಷ. ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ಅಕ್ಕೋರಿಗೆ ಬಂದ ರಾಯಲ್ಟಿ, ಅವರು ವಾಪಸ್ ಕೊಟ್ಟ ಮುಂಗಡಕ್ಕಿಂತ ಕಡಿಮೆ. ಅದರಲ್ಲೂ ಪ್ರಕಾಶಕರ ಪಾಲು ತಪ್ಪದೇ ಕಳಿಸಿದರು. ಕೇಳಿದವರಲ್ಲಿ ಎಷ್ಟೋ ಜನ ಪುಸ್ತಕ ಕೇಳಿಕೊಂಡು ಬಂದಿದ್ದರಿಂದ ಪ್ರಕಾಶಕರು ಇನ್ನೊಂದು 500 ಪ್ರತಿ ಹಾಕಿಸಿದರು, ಅವು ಖರ್ಚಾದವು. ಬೆಂಗಳೂರು, ಮೈಸೂರಿನ ಕೆಲವರು ಮೊದಲ ಅರ್ಧ ಗಂಟೆ ಭಾಷೆ ಹಿಡಿಯಲು ಕಷ್ಟ ಆಯಿತು ಅಂದರು, ಕೆಲವರು ಅಲ್ಲೇ ಬಿಟ್ಟಿದ್ದಾರೆ ಕೂಡ. ಹುಬ್ಬಳ್ಳಿಯ ಒಬ್ಬರು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಮಾತಿನ ಹಿಂದೆ ರೊಟ್ಟಿ ಬಡಿಯುವ ಸದ್ದಿತ್ತು.

ನನ್ನನ್ನು ಈಗಲೂ ಚುಚ್ಚುವ ವಿಷಯ ಒಂದಿದೆ. ಮೊದಲ ಕಲಾವಿದೆಗೆ ಪೂರ್ತಿ ಸಂಭಾವನೆ ಸಂದಿತ್ತು. ಆದರೆ ಅವರ ಓದನ್ನು ಕೈಬಿಟ್ಟ ಸುದ್ದಿ ಅವರಿಗೆ ಬೇರೆ ಯಾರಿಂದಲೋ ತಿಳಿಯಿತು. ನಾನು ಫೋನ್ ಮಾಡಬೇಕಿತ್ತು. ಇವತ್ತು ಮಾಡೋಣ ನಾಳೆ ಮಾಡೋಣ ಅಂತ ತಳ್ಳಿದೆ. ತಡವಾಗಿ ಮಾಡಿದಾಗ ಅವರು ಕೇಳಿದ್ದು, "ಶುರು ಮಾಡೋ ಮೊದಲು ಅವರ ಜೊತೆ ಒಂದು ಗಂಟೆ ಮಾತಾಡಿಸಿದ್ದರೆ ನಾನೂ ಕಲೀತಿದ್ದೆ ಅಲ್ವಾ ಸರ್?" ಹೌದು. ಇದಕ್ಕಿಂತ ನೇರವಾಗಿ ಈ ಪ್ರಕರಣದ ಪಾಠವನ್ನು ಯಾರೂ ಹೇಳಿಲ್ಲ. ದನಿ ತಪ್ಪಿದ್ದಲ್ಲ. ಪುಸ್ತಕದಲ್ಲಿ ಬರೆಯದೇ ಉಳಿದಿದ್ದು ಬರೆದವರ ಕಿವಿಯಲ್ಲಿತ್ತು, ಅದನ್ನು ಓದುವವರಿಗೆ ದಾಟಿಸುವ ಏರ್ಪಾಡು ನಾವು ಮಾಡಿರಲಿಲ್ಲ.

ಈಗ ನಾನು ಒಪ್ಪಿಕೊಳ್ಳುವ ಯಾವುದೇ ಆಡಿಯೋಬುಕ್‌ನಲ್ಲಿ, ರೆಕಾರ್ಡಿಂಗಿಗೆ ಮುಂಚೆ ಲೇಖಕರ ದನಿಯಲ್ಲಿ ಮಾತುಗಳನ್ನು ಹಿಡಿದುಕೊಳ್ಳುತ್ತೇನೆ. ಫೋನಿನಲ್ಲಾದರೂ ಸರಿ, ಅರ್ಧ ಗಂಟೆಯಾದರೂ ಸರಿ. ಆ ಹೊತ್ತಿಗೆ ಲೇಖಕರಿಗೆ ದುಡ್ಡು ಕೊಡಿ ಅಂತ ಕಂಪನಿಯವರಿಗೆ ಹೇಳುತ್ತೇನೆ, ಕೆಲವರು ಕೊಡುತ್ತಾರೆ. ಓದುವವರನ್ನು ಪರೀಕ್ಷಿಸಲು ಚಂದದ ಪ್ಯಾರಾ ಆರಿಸುವುದಿಲ್ಲ, ಪುಸ್ತಕದ ಅತಿ ಚಿಕ್ಕ, ಅತಿ ಕಷ್ಟದ ಮೂರು ಮಾತು ಆರಿಸುತ್ತೇನೆ. ಲೇಖಕರೇ ಕೇಳಿದರೆ, ಒಪ್ಪಂದದಲ್ಲಿ ರಾಯಲ್ಟಿಯ ಸಾಲಿಗೆ ಹೋರಾಡುವಷ್ಟೇ ಆ 15 ನಿಮಿಷದ ಸಾಲಿಗೂ ಹೋರಾಡಿ ಅನ್ನುತ್ತೇನೆ.

ಅಕ್ಕೋರಿಗೆ ಕಣ್ಣು ಕಾಣದ ಒಬ್ಬ ಹಳೇ ವಿದ್ಯಾರ್ಥಿ ಇದ್ದಾನೆ, ಈಗ ಬ್ಯಾಂಕಿನಲ್ಲಿ ಕೆಲಸ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಮೇಲೆ ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಮಾಡಿಕೊಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಅದರ ಪ್ರಕಾರ ಗೆಳೆಯರು ಈ ಕಾದಂಬರಿಯನ್ನು ಅವನಿಗೆ ಹಿಂದೆಯೇ ಓದಿ ರೆಕಾರ್ಡ್ ಮಾಡಿ ಕೊಟ್ಟಿದ್ದರು. ಹೊಸದು ಬಂದಮೇಲೆ ಅದನ್ನೂ ಕೇಳಿ ಫೋನ್ ಮಾಡಿದ. ಅವನು ಯಾವ ಪುಸ್ತಕವನ್ನೂ ಎರಡರ ಸ್ಪೀಡಿನಲ್ಲೇ ಕೇಳುವುದಂತೆ, ಅಭ್ಯಾಸ. ಇದನ್ನೂ ಹಾಗೇ ಕೇಳಿದ್ದಾನೆ.

"ಬೀಸೋ ಪದ ಬಂದಾಗಷ್ಟ ಒಂದಕ್ಕ ಇಳಿಸ್ತೀನ್ರಿ ಅಕ್ಕೋರ" ಅಂದನಂತೆ. "ನಿಮ್ಮ ದನಿ ಅಲ್ಲೇನ್ರಿ ಅದು?"